ಬೆಳಕು ಮೇಲ್ಗಡೆ, ನಾನು ಕೆಳಗಡೆ

ಎಲ್ರಿಗೂ ನಮಸ್ಕಾರ, ಇವತ್ತು ಸ್ವಲ್ಪ ಗೊಣಗೋದಿದೆ, ಬೇಜಾರ್ ಮಾಡ್ಕೋಬೇಡಿ. ನಾಲ್ಕು ತಿಂಗಳಿಂದ ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕ್ತಾ ಇದೀನಿ. ಓಡಾಡೋದು ವೀಲ್‌ಚೇರಲ್ಲಿ, ಹೊಟ್ಟೆಪಾಡು ಪೇಂಟಿಂಗಲ್ಲಿ. ಈ ಎರಡನ್ನೂ ಒಟ್ಟಿಗೆ ಹೇಳಿದ್ರೆ ಬ್ರೋಕರ್‌ಗಳು ಆಮೇಲೆ ಫೋನೇ ಎತ್ತಲ್ಲ.

"ಮೇಡಂ, ಗ್ರೌಂಡ್ ಫ್ಲೋರ್, ಮೆಟ್ಲೇ ಇಲ್ಲ" ಅಂತ ಕರೀತಾರೆ, ಹೋಗಿ ನೋಡಿದ್ರೆ ಮೂರು ಮೆಟ್ಲು. ಕೇಳಿದ್ರೆ "ಮೂರೇ ಅಲ್ವಾ ಮೇಡಂ, ಎತ್ಕೊಂಡ್ ಹೋಗೋಣ" ಅಂತಾರೆ. ದಿನಾ ಬಂದು ಎತ್ತೀಯೇನಪ್ಪಾ? ಅದೇ ಮನೇಲಿ ರೋಡಿಂದ ಪೋರ್ಟಿಕೋವರ್ಗೂ ಕಾರ್ ಹತ್ತೋಕೆ ಅಂತ ಚೆನ್ನಾಗಿ ಇಳಿಜಾರು ಮಾಡಿ, ಜಾರ್ದೇ ಇರ್ಲಿ ಅಂತ ಗೆರೆ ಬೇರೆ ಎಳ್ದಿರ್ತಾರೆ. ಕಾರಿಗಿರೋ ಮರ್ಯಾದೆ ನಮಗಿಲ್ಲ ನೋಡಿ.

ಓನರ್‌ಗಳದ್ದೇ ತಪ್ಪು ಅಂತಾನೂ ಹೇಳಲ್ಲ ನಾನು. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರೋಡೇ ಮೇಲೆ ಬಂದಿರುತ್ತೆ, ಮಳೆ ನೀರು ಒಳಗೆ ನುಗ್ಗುತ್ತೆ ಅಂತ ಪಾಯಾನ ಎರಡೂವರೆ ಅಡಿ ಎತ್ತರಿಸ್ತಾರೆ. ರ‍್ಯಾಂಪ್ ಲೆಕ್ಕ ಏನು, ಒಂದಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ, ಅಂದ್ರೆ ಎರಡೂವರೆಗೆ 30 ಅಡಿ, ತಿರುಗೋಕೆ ಜಾಗ ಬೇರೆ. 30-40 ಸೈಟಿನ ಅಗಲಾನೇ 30 ಅಡಿ! ರ‍್ಯಾಂಪ್ ಕಟ್ಟಿಬಿಟ್ರೆ ಮನೆ ಎಲ್ಲಿ ಕಟ್ತಾರೆ ಪಾಪ.

ಆದ್ರೆ ನನ್ನ ನಿಜವಾದ ಜಗಳ ಬೆಳಕಿಂದು. ನಮ್ಮ ಬಡಾವಣೆಗಳಲ್ಲಿ ಗೋಡೆಗೆ ಗೋಡೆ ಅಂಟ್ಸಿ ಮೂರ್ಮೂರು ಫ್ಲೋರ್ ಎತ್ತಿರ್ತಾರೆ, ಕೆಳಗಿನ ಮನೇಲಿ ಮಧ್ಯಾಹ್ನ ಹನ್ನೆರಡಕ್ಕೂ ಟ್ಯೂಬ್‌ಲೈಟ್ ಹಾಕ್ಬೇಕು. ಟ್ಯೂಬ್‌ಲೈಟಲ್ಲಿ ಕೂತು ಹಳದಿ ಬಣ್ಣ ಬೆರೆಸಿ ನೋಡಿ, ಹೊರಗಡೆ ತಂದಾಗ ಅದು ಬೇರೆ ಹಳದಿಯಾಗಿರುತ್ತೆ. ಬೆಳಕಿರೋದು ಮೂರನೇ ಫ್ಲೋರಲ್ಲಿ, ಅಲ್ಲಿಗೆ ಲಿಫ್ಟ್ ಇಲ್ಲ. ಇದನ್ನ ಹೇಳಿದ್ರೆ ಒಬ್ರು ಓನರ್ ಆಂಟಿ "ನಿಮಗ್ಯಾಕಮ್ಮ ಅಷ್ಟೊಂದು ಬೆಳಕು, ಒಂದು ರೂಮು, ಅಟ್ಯಾಚ್ಡ್ ಬಾತ್‌ರೂಮು ಇದ್ರೆ ಸಾಕಲ್ವಾ" ಅಂದ್ರು. ಪ್ರೀತಿಯಿಂದಾನೇ ಅಂದ್ರು, ಅದೇ ಸಂಕಟ. ವೀಲ್‌ಚೇರ್ ಅಂದ್ರೆ ಮಂಚ ಮತ್ತು ಬಾತ್‌ರೂಮು, ಅಷ್ಟೇ ಜೀವನ ಅಂತ ಜನ ತೀರ್ಮಾನ ಮಾಡ್ಬಿಟ್ಟಿದಾರೆ. ಐದಡಿ ಕ್ಯಾನ್ವಾಸ್ ನಿಲ್ಲಿಸಿ, ಹಿಂದಕ್ಕೆ ಸರಿದು ನೋಡೋಕೆ ನನಗೂ ಖಾಲಿ ನೆಲ ಬೇಕು ಸ್ವಾಮಿ.

ಇನ್ನು ಮೊಳೆ. ಗೋಡೆಗೆ ಮೊಳೆ ಹೊಡೀಬಾರ್ದು ಅಂತ ಅಗ್ರಿಮೆಂಟಲ್ಲೇ ಬರ್ದಿರ್ತಾರೆ. ಚಿತ್ರ ಬಿಡಿ, ಬಾತ್‌ರೂಮಲ್ಲಿ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕೋಕೂ ಪರ್ಮಿಷನ್ ಇಲ್ಲ. ಖಾಲಿ ಮಾಡುವಾಗ ಮಾತ್ರ ಪೇಂಟಿಂಗ್ ಖರ್ಚು ಅಂತ ಅಡ್ವಾನ್ಸಲ್ಲಿ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ತಾರೆ. ಕೊಡಿ, ನಾನೇ ಬಳೀತೀನಿ!

ಕಾನೂನು ಇದೆಯಲ್ಲ ಅಂತೀರಿ. ಇದೆ, ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರದ್ದು. 2024ರ ನವೆಂಬರಲ್ಲಿ ಸುಪ್ರೀಂ ಕೋರ್ಟು ಕೂಡ, ಇಂಥ ಅನುಕೂಲದ ನಿಯಮಗಳು ಬರೀ ಸಲಹೆಯಾಗಿದ್ರೆ ಸಾಲದು, ಕಡ್ಡಾಯ ಆಗ್ಬೇಕು ಅಂತ ಕೇಂದ್ರಕ್ಕೆ 3 ತಿಂಗಳು ಟೈಮ್ ಕೊಡ್ತು. ಒಳ್ಳೇದೇ, ಆದ್ರೆ ಹಳೇ ಬಾಡಿಗೆ ಮನೆ ಬಾಗಿಲಲ್ಲಿ ನಿಂತು ತೀರ್ಪು ಓದಿದ್ರೆ ಬೀಗದ ಕೈ ಕೊಡ್ತಾರಾ?

ಹೋದ ವಾರ ಬಸವನಗುಡೀಲಿ ಒಂದು ಮನೆ ಸಿಕ್ತು. ಹಳೇದು, ಕೆಂಪು ರೆಡ್ ಆಕ್ಸೈಡ್ ನೆಲ, ನಡುಮನೆ ಮೇಲೆ ಬೆಳಕಿಂಡಿ. ಗ್ರೌಂಡ್ ಫ್ಲೋರಲ್ಲಿ ಕೂತಿದ್ರೂ ಬೆಳಕು ನೆತ್ತಿ ಮೇಲಿಂದ ಬೀಳುತ್ತೆ, ನೆಲದ ಮೇಲೆ ಚೌಕವಾಗಿ, ನೋಡ್ತಾ ನೋಡ್ತಾ ಅದು ಒಲೆ ಕಡೆ ಸರೀತು. ಮುಂದೆ ಒಂದೇ ಮೆಟ್ಲು, ಹೊಸ್ತಿಲು ಮಾತ್ರ ನಾಲ್ಕು ಇಂಚು, ಅರಿಶಿನ ಕುಂಕುಮ ಹಚ್ಚಿರೋದು. ಓನರ್ ಅಜ್ಜಿ "ಹೊಸ್ತಿಲು ತುಳೀಬಾರ್ದು ಕಣಮ್ಮ, ಅದರ ಮೇಲೆ ಗಾಡಿ ಹತ್ತಿಸ್ತೀಯಾ?" ಅಂದ್ರು. ನಾನಂದೆ, ಎರಡೂ ಕಡೆ ಮರದ ಹಲಗೆ ಇಟ್ರೆ ಗಾಲಿ ಹೊಸ್ತಿಲಿಗೆ ತಾಕೋದೇ ಇಲ್ಲ ಅಜ್ಜಿ, ನಿಮ್ಮೆಲ್ಲರಿಗಿಂತ ನಾನೇ ಮಡಿ. ಜೋರಾಗಿ ನಕ್ಕುಬಿಟ್ರು. ಬಾಡಿಗೆ ಒಂದು ಸಾವಿರ ಇಳಿಸಿದ್ರು ಕೂಡ.

ಆಮೇಲೆ ಟೇಪ್ ಹಿಡಿದು ಬಚ್ಚಲು ಬಾಗಿಲು ಅಳೆದೆ. 24 ಇಂಚು. ನನ್ನ ಚೇರು 25. ನಾಳೆ ಬಡಗಿನ ಕರ್ಕೊಂಡು ಹೋಗ್ತಿದೀನಿ.