ಜಲ್ದಿ ಉಸಿರಾಡಿದರೆ ಗಾಳಿ ಹೆಚ್ಚು ಸಿಗುವುದಿಲ್ಲ

ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಯಾರಾದರೂ ಏದುಸಿರು ಬಿಡುತ್ತ ಕುಸಿದು ಕೂತರೆ ಸುತ್ತ ನೆರೆದವರು ಹೇಳುತ್ತಾರೆ: "ದಮ್ ಹತ್ತ್ಯದ, ಜಲ್ದಿ ಜಲ್ದಿ ಉಸಿರು ತಗೊ." ಕಾಳಜಿ ನಿಜ, ಸಲಹೆ ತಪ್ಪು.

ಲೆಕ್ಕ ಹಾಕಿ ನೋಡೋಣ. ದೊಡ್ಡವರು ಒಂದು ಸಲ ಎಳೆದುಕೊಳ್ಳುವ ಗಾಳಿ ಸುಮಾರು 500 ಮಿಲಿ. ಅದರಲ್ಲಿ 150 ಮಿಲಿ ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿಯುತ್ತದೆ, ರಕ್ತವನ್ನು ಮುಟ್ಟುವುದೇ ಇಲ್ಲ. ಪ್ರತಿ ಉಸಿರಿಗೂ ಈ ಸುಂಕ ಕಟ್ಟಲೇಬೇಕು. ನಿಮಿಷಕ್ಕೆ 12 ಉಸಿರಾದರೆ ಒಟ್ಟು 6 ಲೀಟರ್, ಶ್ವಾಸಕೋಶದ ಗಾಳಿಚೀಲಕ್ಕೆ ತಲುಪುವುದು 4.2 ಲೀಟರ್. ಅದೇ 6 ಲೀಟರನ್ನು 250 ಮಿಲಿಯಂತೆ 24 ಸಲ ಎಳೆದರೆ? ತಲುಪುವುದು 2.4 ಮಾತ್ರ. ದುಡಿಮೆ ದುಪ್ಪಟ್ಟು, ಫಲ ಹತ್ತಿರಹತ್ತಿರ ಅರ್ಧ.

ಸರಿ, ವೇಗವಾಗಿಯೂ ಆಳವಾಗಿಯೂ ಎಳೆದರೆ? ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಆಗಲೇ ನೂರಕ್ಕೆ 97ರಷ್ಟು ತುಂಬಿರುತ್ತದೆ, ಇನ್ನಷ್ಟು ಆಮ್ಲಜನಕಕ್ಕೆ ಹೆಚ್ಚು ಜಾಗವಿಲ್ಲ. ಖಾಲಿಯಾಗುವುದು ಇಂಗಾಲದ ಡೈಆಕ್ಸೈಡ್. ಅದು ಇಳಿದರೆ ಮೆದುಳಿನ ರಕ್ತನಾಳ ಕಿರಿದಾಗಿ ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ.

ಬೇಳೆ ಮಿಲ್ಲಿನ ಧೂಳಿಗೆ ಉಬ್ಬಸ ಕೆರಳಿದವರಿಗೆ ತೊಂದರೆ ಬೇರೆ: ಇವರಿಗೆ ಗಾಳಿ ಹೊರಬೀಳಲು ಸಮಯ ಬೇಕು. ಅವಸರ ಮಾಡಿದಷ್ಟೂ ಹಳೇ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಎಳೆದು, ದೀಪ ಊದುವಂತೆ ತುಟಿ ಕಿರಿದು ಮಾಡಿ ನಾಲ್ಕು ಎಣಿಸುತ್ತ ಬಿಡಲಿ. ಉಬ್ಬಸದ ಪಂಪ್ (ಇನ್ಹೇಲರ್) ಇದ್ದರೆ ಮೊದಲು ಅದು.

ಆದರೆ ಎಲ್ಲ ಏದುಸಿರೂ ಗಾಬರಿಯದೋ ಉಬ್ಬಸದ್ದೋ ಅಲ್ಲ. ಸಕ್ಕರೆ ಕಾಯಿಲೆ ಕೈಮೀರಿದಾಗ ರಕ್ತದ ಆಮ್ಲ ತಗ್ಗಿಸಲು ದೇಹವೇ ಉಸಿರು ಹೆಚ್ಚಿಸುತ್ತದೆ. ಅಂಥವರಿಗೆ "ನಿಧಾನ" ಎನ್ನಬೇಡಿ, ಆಸ್ಪತ್ರೆಗೆ ಒಯ್ಯಿರಿ. ಉಸಿರು ತಹಬಂದಿಗೆ ತರಲೆಂದು ಮುಖಕ್ಕೆ ಕಾಗದದ ಚೀಲ ಹಿಡಿಯುವುದಂತೂ ಯಾರಿಗೂ ಬೇಡ.

ನನ್ನ ತಕರಾರು ಇಷ್ಟೇ: ಬೆರಳಿಗೆ ಆಕ್ಸಿಮೀಟರ್ ಹಾಕಿ 96 ಕಂಡರೆ ನೆಮ್ಮದಿಯಾಗಿಬಿಡುತ್ತೇವೆ, ಉಸಿರನ್ನು ಯಾರೂ ಎಣಿಸುವುದಿಲ್ಲ. ಎಷ್ಟೋ ಆಸ್ಪತ್ರೆ ಚೀಟಿಗಳಲ್ಲಿ ನಿಮಿಷದ ಉಸಿರಿನ ಲೆಕ್ಕ ಎಲ್ಲ ರೋಗಿಗಳಿಗೂ ಒಂದೇ "20". ಆ 96 ಇಳಿಯುವ ಮೊದಲೇ ಉಸಿರು ಏರಿರಬಹುದಲ್ಲ!

ಕೆಮ್ಮುವ ಕೂಸಿಗೆ ಹೀಗೆ ಮಾಡಿ. ಅಳು ನಿಂತಿರಲಿ, ಹಾಲು ಕುಡಿಯುತ್ತಿರಬಾರದು. ಅಂಗಿ ಎತ್ತಿ, ಹೊಟ್ಟೆ ಏರಿ ಇಳಿದರೆ ಒಂದು, ಹೀಗೆ ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದರ ತಪ್ಪು ನಾಲ್ಕಾಗುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40, ಅಷ್ಟು ಮುಟ್ಟಿದರೆ ಅಂದೇ ಡಾಕ್ಟರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆಯ ಕೆಳಗೆ ಒಳಕ್ಕೆ ಸೆಳೆಯುತ್ತಿದ್ದರೆ ಎಣಿಕೆ ಮುಗಿಯುವ ತನಕವೂ ಕಾಯಬೇಡಿ, ಸಿಕ್ಕ ಗಾಡಿ ಹತ್ತಿ.