ಕಾಫಿ ದರ ಏರಿದ್ದು ಏಕೆ? ತರಗತಿಯಲ್ಲಿ ಪ್ರಪಂಚದ ಸುದ್ದಿ

ಕೇಳುಗರಿಗೆ ನಮಸ್ಕಾರ. ನಾನು ಚಿಕ್ಕಮಗಳೂರು ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಬೋಧಿಸುತ್ತೇನೆ. ಪ್ರಪಂಚದ ಆಗುಹೋಗುಗಳನ್ನು ನಮ್ಮ ಪಾಠಕ್ಕೆ ಹೇಗೆ ಬಳಸಿಕೊಳ್ಳಬಹುದು ಎನ್ನುವುದು ಇಂದಿನ ಮಾತು. ಅಧ್ಯಾಪಕ ಮಿತ್ರರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೇನೆ, ಆದರೆ ಮಕ್ಕಳು ಅರ್ಥಶಾಸ್ತ್ರ ಓದುತ್ತಿರುವ ಮನೆಯವರೂ ಕಿವಿಗೊಡಲಿ.

ತರಗತಿಯಲ್ಲಿ ಸಾಮಾನ್ಯವಾಗಿ ಮೊದಲು ವ್ಯಾಖ್ಯೆ ಬರುತ್ತದೆ, ಆಮೇಲೆ ರೇಖಾಚಿತ್ರ, ಹೊತ್ತು ಉಳಿದರೆ ಒಂದು ಉದಾಹರಣೆ. ಈ ಕ್ರಮವನ್ನು ತಿರುವಿ ಹಾಕಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ವಿದ್ಯಾರ್ಥಿಗೆ ಚೆನ್ನಾಗಿ ಗೊತ್ತಿರುವ ಒಂದು ಬೆಲೆಯನ್ನು ಹಿಡಿಯಬೇಕು. ಅದು ಏಕೆ ಏರಿತು, ಏಕೆ ಇಳಿಯಿತು ಎಂದು ಕೇಳುತ್ತಾ ಹೋಗಬೇಕು. ನಡುದಾರಿಯಲ್ಲಿ ವ್ಯಾಖ್ಯೆ ತಾನಾಗಿಯೇ ಬೇಕಾಗುತ್ತದೆ, ಆಗ ಕೊಟ್ಟದ್ದು ಮನಸ್ಸಿನಲ್ಲಿ ನಿಲ್ಲುತ್ತದೆ.

ನಮ್ಮ ಕಡೆ ಅಂಥ ಬೆಲೆ ಕಾಫಿಯದು. 2024ರಲ್ಲಿ ರೋಬಸ್ಟಾ ಜಾತಿಯ ಕಾಫಿಯ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, 50 ಕೆ.ಜಿ. ಮೂಟೆಗೆ 10,000 ರೂಪಾಯಿ ದಾಟಿದ್ದು ನಿಮಗೆ ನೆನಪಿರಬಹುದು. ತರಗತಿಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಇಷ್ಟೇ: ಈ ದರ ಏರುವಂಥದ್ದು ನಮ್ಮ ಮೂಡಿಗೆರೆಯಲ್ಲಿ, ಸಕಲೇಶಪುರದಲ್ಲಿ ಏನು ನಡೆಯಿತು? ಮಕ್ಕಳು ಮಳೆ ಎಂದರು, ಕಾಯಿಕೊರಕ ಎಂದರು, ವ್ಯಾಪಾರಿಗಳ ಆಟ ಎಂದರು. ಉತ್ತರ ಸಿಕ್ಕಿದ್ದು ವಿಯೆಟ್ನಾಂನಲ್ಲಿ. ರೋಬಸ್ಟಾ ಬೆಳೆಯುವುದರಲ್ಲಿ ಆ ದೇಶವೇ ಮುಂದು. ಅಲ್ಲಿ ಬರ ಬಿದ್ದಿತ್ತು. ಅದಕ್ಕೂ ಮೊದಲೇ ಹಲವು ರೈತರು ಕಾಫಿ ಕಿತ್ತು ಡ್ಯೂರಿಯನ್ ಹಣ್ಣಿನ ಗಿಡ ಹಾಕಿದ್ದರು, ಏಕೆಂದರೆ ಚೀನಾದವರು ಆ ಹಣ್ಣಿಗೆ ಒಳ್ಳೆಯ ಬೆಲೆ ಕೊಡುತ್ತಿದ್ದರು. ಅದೇ ವರ್ಷ ಬ್ರೆಜಿಲ್‌ನಲ್ಲೂ ಮಳೆ ಕೈಕೊಟ್ಟಿತು. ಲಂಡನ್ ಪೇಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ಮೀರಿತು. ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾ ನ್ಯೂಯಾರ್ಕಿನಲ್ಲಿ 2024ರ ಡಿಸೆಂಬರಿನಲ್ಲೇ 1977ರ ದಾಖಲೆಯನ್ನು ಹಿಂದಿಕ್ಕಿ, 2025ರ ಫೆಬ್ರವರಿಯಲ್ಲಿ ಪೌಂಡಿಗೆ 4 ಡಾಲರ್ ಮೀರಿತು.

1977ರಲ್ಲಿ ಏನಾಗಿತ್ತು? ಅದಕ್ಕೆ ಎರಡು ವರ್ಷ ಮೊದಲು, 1975ರ ಜುಲೈನಲ್ಲಿ, ಬ್ರೆಜಿಲ್‌ನ ತೋಟಗಳು ಹೆಪ್ಪುಗಟ್ಟಿಸುವ ಚಳಿಗೆ ಸುಟ್ಟುಹೋಗಿದ್ದವು. ಹಾಗಾದರೆ ದರ ಏರಿದೊಡನೆ ಎಲ್ಲರೂ ಕಾಫಿ ಬೆಳೆದು ಕೊರತೆ ತುಂಬಲಿಲ್ಲವೇಕೆ? ಈ ಪ್ರಶ್ನೆಗೆ ನಮ್ಮ ಮಕ್ಕಳು ಪುಸ್ತಕ ನೋಡಬೇಕಾಗಿಲ್ಲ. ಇವತ್ತು ನೆಟ್ಟ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕೆಂದು ಅವರಿಗೆ ಗೊತ್ತು. ಪೂರೈಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದಾಗ ಪೂರೈಕೆ ಎಷ್ಟರ ಮಟ್ಟಿಗೆ ಬದಲಾಗುತ್ತದೆ ಎನ್ನುವುದು, ಎಂದು ಕರಿಹಲಗೆಯ ಮೇಲೆ ಬರೆಯುವ ಸಮಯ ಅದು.

ಇನ್ನೊಂದು ಪಾಠವೂ ಇಲ್ಲಿಯೇ ಇದೆ. ಪರಿಪೂರ್ಣ ಪೈಪೋಟಿಯ, ಅಂದರೆ ಒಂದೇ ಸರಕನ್ನು ಮಾರುವವರೂ ಕೊಳ್ಳುವವರೂ ಬಹಳ ಮಂದಿ ಇರುವ ಪೇಟೆಯ ಅಧ್ಯಾಯದಲ್ಲಿ, ಒಬ್ಬ ಮಾರಾಟಗಾರ ಬೆಲೆಯನ್ನು ನಿರ್ಧರಿಸಲಾರ, ಇದ್ದ ಬೆಲೆಯನ್ನು ಒಪ್ಪಿಕೊಳ್ಳಬೇಕು ಎಂದು ಓದುತ್ತೇವೆ. ಜಗತ್ತಿನ ಕಾಫಿಯಲ್ಲಿ ಭಾರತದ ಪಾಲು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಬೆಳೆದದ್ದರಲ್ಲಿ ಹೆಚ್ಚಿನ ಭಾಗ ಹೊರದೇಶಕ್ಕೆ ಹೋಗುತ್ತದೆ. ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ಇವತ್ತಿನ ದರ ನೋಡುವ ತನ್ನ ತಂದೆಯೇ ಪುಸ್ತಕದಲ್ಲಿರುವ ಆ ಮಾರಾಟಗಾರ ಎಂದು ಹೊಳೆದ ಹುಡುಗನಿಗೆ ಆ ಅಧ್ಯಾಯವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಆದರೆ ಪಾಠದಲ್ಲಿ ಇಲ್ಲದ ಪ್ರಶ್ನೆಯೊಂದು ಬಂತು. ತೋಟದ ಕೂಲಿಕಾರರ ಲೈನ್ ಮನೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಕಾಫಿ ದರ ಇಷ್ಟೊಂದು ಏರಿದೆ, ನಮ್ಮಮ್ಮನ ದಿನಗೂಲಿ ಮಾತ್ರ ಯಾಕೆ ಏರಲಿಲ್ಲ?" ಎಂದು ಕೇಳಿದಳು. ಬೆಳೆಗಾರರ ಮನೆಯ ಹುಡುಗನೊಬ್ಬ, "ದರ ಬಿದ್ದ ವರ್ಷಗಳಲ್ಲಿ ನಾವು ಕೂಲಿ ಇಳಿಸಲಿಲ್ಲವಲ್ಲ, ಸಾಲ ಮಾಡಿ ಕೊಟ್ಟೆವು" ಎಂದ. ಮತ್ತೊಬ್ಬಳು, ಕುಯ್ಲು ಮುಗಿದ ಕೂಡಲೇ ಕಣದಿಂದಲೇ ಮಾರಿದ ಸಣ್ಣ ಹಿಡುವಳಿದಾರರಿಗೆ ಏರಿದ ದರ ಸಿಗಲೇ ಇಲ್ಲ, ದಾಸ್ತಾನು ಇಟ್ಟುಕೊಳ್ಳಬಲ್ಲವರಿಗೆ ಸಿಕ್ಕಿತು ಎಂದಳು. ಮೂರು ಮಾತಿನಲ್ಲೂ ನಿಜವಿತ್ತು. ನಾನು ತೀರ್ಪು ಕೊಡಲಿಲ್ಲ. ಲಾಭ ಯಾರಿಗೆ, ನಷ್ಟದ ಹೊರೆ ಯಾರಿಗೆ, ಕನಿಷ್ಠ ವೇತನದ ಕಾನೂನು ಏಕಿದೆ ಎಂದು ಆ ಗಂಟೆಯೆಲ್ಲ ಚರ್ಚೆ ನಡೆಯಿತು. ಪಠ್ಯ ಒಂದು ದಿನ ಹಿಂದೆ ಬಿದ್ದಿತು, ಬೀಳಲಿ.

ಯುದ್ಧದ ಸುದ್ದಿಯನ್ನು ತರಗತಿಗೆ ತರುವಾಗ ಎಚ್ಚರ ಬೇಕು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ಸೂರ್ಯಕಾಂತಿ ಎಣ್ಣೆಯೂ ರಸಗೊಬ್ಬರವೂ ತುಟ್ಟಿಯಾದವು. ನಾವು ಮೊದಲು ಅಲ್ಲಿ ಜನ ಸಾಯುತ್ತಿದ್ದಾರೆ ಎನ್ನುವುದನ್ನು ಹೇಳಬೇಕು, ಬೆಲೆಯ ಮಾತು ಆಮೇಲೆ. ಹಾಸನದ ಆಲೂಗಡ್ಡೆ ಬೆಳೆಗಾರರ ಮಕ್ಕಳಿಗೆ ನಾನು ಕೊಡುವ ಪ್ರಶ್ನೆ ಇದು: ಪ್ರಪಂಚದಲ್ಲಿ ಡಿಎಪಿ ರಸಗೊಬ್ಬರದ ಬೆಲೆ ಗಗನಕ್ಕೇರಿದರೂ ನಮ್ಮ ಸೊಸೈಟಿಯಲ್ಲಿ ಮೂಟೆಗೆ 1,350 ರೂಪಾಯಿಯೇ ಇತ್ತು. ಉಳಿದ ಹಣ ಯಾರು ಕೊಟ್ಟರು? 2022–23ರಲ್ಲಿ ಕೇಂದ್ರ ಸರ್ಕಾರದ ರಸಗೊಬ್ಬರ ಸಹಾಯಧನ ಎರಡೂವರೆ ಲಕ್ಷ ಕೋಟಿ ರೂಪಾಯಿ ಮುಟ್ಟಿತು. ಆಯವ್ಯಯದ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ತಿಳಿದಿಲ್ಲ.

ಕೆಂಪು ಸಮುದ್ರದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. 2023ರ ಕೊನೆಯಿಂದ ಹಡಗುಗಳ ಮೇಲೆ ದಾಳಿ ನಡೆದು, ಇಟಲಿಗೆ ಹೊರಟ ನಮ್ಮ ಕಾಫಿಯೂ ಆಫ್ರಿಕಾ ಖಂಡವನ್ನು ಸುತ್ತಿಕೊಂಡು ಹೋಗಬೇಕಾಯಿತು. ಗೋಡೆಯ ಮೇಲೆ ಭೂಪಟ ಇದ್ದರೆ ಸಾಗಣೆ ವೆಚ್ಚದ ಪಾಠ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಅಧ್ಯಾಪಕರಿಗೆ ನನ್ನದೊಂದು ಕೋರಿಕೆ. ಸುದ್ದಿ ಬಂದ ದಿನವೇ ವಿವರಿಸಿಬಿಡಬೇಡಿ. ಮುಂದೇನಾಗಬಹುದು ಎಂದು ಪ್ರತಿಯೊಬ್ಬರಿಂದಲೂ ಕಾರಣ ಸಹಿತ ಬರೆಸಿ, ತಾರೀಕು ಹಾಕಿಸಿ. ತಿಂಗಳ ನಂತರ ತೆಗೆದು ನೋಡಿ. ತಪ್ಪಾದ ಊಹೆಗಳ ಮೇಲೆ ಹೆಚ್ಚು ಹೊತ್ತು ಕಳೆಯಿರಿ, ಏಕೆಂದರೆ ಬೆಲೆಯೊಂದರ ಹಿಂದೆ ಎಷ್ಟು ಕಾರಣಗಳು ಒಟ್ಟಿಗೆ ಕೆಲಸ ಮಾಡುತ್ತವೆ ಎನ್ನುವುದು ಅಲ್ಲಿ ಕಾಣುತ್ತದೆ. ಮೊಬೈಲಿನಲ್ಲಿ ಹರಿದಾಡುವ ಸಂದೇಶವನ್ನು ಆಧಾರವೆಂದು ಒಪ್ಪಬೇಡಿ. ಕಾಫಿ ಮಂಡಳಿಯ ದರಪಟ್ಟಿಯನ್ನೂ ಪತ್ರಿಕೆಯ ವಾಣಿಜ್ಯ ಪುಟವನ್ನೂ ಓದುವುದನ್ನು ಕಲಿಸಿ.

ಈ ವಾರವೇ ಪ್ರಯೋಗ ಮಾಡಬಯಸುವವರಿಗೆ ಎರಡು ಕೆಲಸಗಳಿವೆ. ಮಕ್ಕಳನ್ನು ಊರಿನ ಕಾಫಿ ಪುಡಿ ಅಂಗಡಿಗೆ ಕಳಿಸಿ, ದರ ಏರಿದಾಗ ಗಿರಾಕಿಗಳು ಕಾಫಿ ಪುಡಿಗೆ ಬೆರೆಸುವ ಅಗ್ಗದ ಚಿಕೋರಿಯನ್ನು ಹೆಚ್ಚು ಹಾಕಿಸಿಕೊಂಡರೇ ಎಂದು ಕೇಳಿಸಿಕೊಂಡು ಬರಲಿ. ಇನ್ನೊಂದು, 2025ರ ಆಗಸ್ಟ್‌ನಲ್ಲಿ ಬ್ರೆಜಿಲ್ ಕಾಫಿಯ ಮೇಲೆ ಶೇಕಡ 50ರಷ್ಟು ಸುಂಕ ಹೇರಿದ ಅಮೆರಿಕ ಅದೇ ನವೆಂಬರಿನಲ್ಲಿ ಅದನ್ನು ತೆಗೆದುಹಾಕಿತು. ಆ ಮೂರು ತಿಂಗಳು ಸುಂಕವನ್ನು ನಿಜವಾಗಿ ತೆತ್ತವರು ಬ್ರೆಜಿಲ್‌ನ ರೈತರೋ ಅಮೆರಿಕದಲ್ಲಿ ಕಾಫಿ ಕುಡಿಯುವವರೋ ಎಂದು ತರಗತಿಯನ್ನು ಎರಡು ಗುಂಪು ಮಾಡಿ ವಾದಿಸಲು ಬಿಡಿ. ನಮಸ್ಕಾರ.