ಕಟ್ಟ ಕಡೆಯಲಿ ಮೇಯದಿರು

ಹಿರಿಯರಿಗೆ, ಗೆಳೆಯರಿಗೆ ನಮಸ್ಕಾರ.

‘ಗೋವಿನ ಹಾಡು’ ಎಂದೊಡನೆ ನಾವೆಲ್ಲರೂ ಸತ್ಯದ ಮಹಿಮೆಯನ್ನು ಹೇಳಲು ಎದ್ದು ನಿಲ್ಲುತ್ತೇವೆ. ‘ಸತ್ಯವೇ ನಮ್ಮ ತಾಯಿ ತಂದೆ’ ಎಂಬ ಸಾಲು ಭಾಷಣಕಾರರ ಬಾಯಲ್ಲಿ ಸವೆದೇ ಹೋಗಿದೆ. ನನ್ನ ಮಟ್ಟಿಗೆ ಈ ಹಾಡಿನ ಜೀವ ಇರುವುದು ಹಟ್ಟಿಯಲ್ಲಿ.

ಹಸಿದ ಹುಲಿಗೆ ಮಾತು ಕೊಟ್ಟು ಪುಣ್ಯಕೋಟಿ ಕರುವಿಗೆ ಹಾಲೂಡಿಸಲು ಬರುತ್ತಾಳೆ. ಕರು ಕೇಳುವುದೇನು? ‘ಆರ ಮೊಲೆಯನು ಕುಡಿಯಲಮ್ಮ, ಆರ ಸೇರಿ ಬದುಕಲಮ್ಮ, ಆರ ಬಳಿಯಲಿ ಮಲಗಲಮ್ಮ.’ ಹಾಲು, ಜೊತೆ, ನಿದ್ದೆ. ಇದಕ್ಕೆ ಸತ್ಯದ ಮಾತು ಉತ್ತರವಾಗದೆಂದು ತಾಯಿಗೂ ಗೊತ್ತು. ಹಾಗಾಗಿ ಉಳಿದ ಹಸುಗಳನ್ನು ಅಮ್ಮ, ಅಕ್ಕ ಎಂದು ಕರೆದು ಬೇಡುತ್ತಾಳೆ: ‘ಮುಂದೆ ಬಂದರೆ ಹಾಯದಿರಿ, ಹಿಂದೆ ಬಂದರೆ ಒದೆಯದಿರಿ.’ ದನ ಕಟ್ಟಿದವರಿಗೆ ಈ ಸಾಲಿನ ಸಂಕಟ ತಿಳಿಯುತ್ತದೆ. ತಾಯಿಯಿಲ್ಲದ ಕರು ಬೇರೆ ಹಸುವಿನ ಕೆಚ್ಚಲಿಗೆ ಬಾಯಿ ಹಾಕಿದರೆ ಸಿಗುವುದು ಒದೆಯೇ. ಹಾಡು ಕಟ್ಟಿದವರು ಸೆಗಣಿ ಬಾಚಿದವರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನಮ್ಮ ಕಾಸರಗೋಡಿನ ಮನೆಗಳಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಹವ್ಯಕ, ಬ್ಯಾರಿ ಎಲ್ಲವೂ ಇವೆ. ಕನ್ನಡ ಶಾಲೆಯ ಬೆಂಚಿನಲ್ಲಿ ಅಕ್ಕಪಕ್ಕ ಕುಳಿತ ಈ ಎಲ್ಲ ಮನೆಗಳ ಮಕ್ಕಳೂ ಆ ಕರುವಿಗಾಗಿ ಅತ್ತದ್ದು ಮಾತ್ರ ಕನ್ನಡದಲ್ಲಿ. ಹಾಡಿನ ನಡೆಯೂ ನಮಗೆ ಹೊಸದಲ್ಲ. ‘ಧರಣಿ ಮಂಡಲ’ ಎಂದರೆ ಮೂರು ಮಾತ್ರೆ, ನಾಲ್ಕು ಮಾತ್ರೆ. ಭಾಮಿನಿ ಷಟ್ಪದಿಯ ಹೆಜ್ಜೆಯೂ ಅದೇ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ತಾಳಮದ್ದಳೆ ಕೇಳುತ್ತ ಬೆಳೆದ ಕಿವಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಇನ್ನೊಂದು ಸಾಲು ನನ್ನನ್ನು ಈಗ ಹೆಚ್ಚು ಕಾಡುತ್ತದೆ. ಹೊರಡುವ ಮುನ್ನ ತಾಯಿ ಹೇಳುತ್ತಾಳೆ: ‘ಕಟ್ಟ ಕಡೆಯಲಿ ಮೇಯದಿರು’, ‘ನಟ್ಟ ನಡುವಿರು ಕಂದನೆ.’ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದ ಈ ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಮೇಯುವ ಗುಡ್ಡ ಬದಲಾಗಲಿಲ್ಲ, ಕೂತಲ್ಲೇ ಕಡೆಯವರಾದೆವು. ಮರುದಿನವೂ ತರಗತಿಗಳಲ್ಲಿ ಮಕ್ಕಳು ‘ಮೆರೆಯುತಿಹ ಕರ್ಣಾಟ ದೇಶದೊಳ್’ ಎಂದೇ ಹಾಡಿರಬೇಕು. ಆಗ ಹಾಡಿಸಿದ ಮೇಷ್ಟ್ರುಗಳ ಗಂಟಲು ಹೇಗಿತ್ತೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಹುಲಿಯ ವಿಚಾರ ಬೇರೆ. ಶಾಲಾ ವಾರ್ಷಿಕೋತ್ಸವದಲ್ಲಿ ಪುಣ್ಯಕೋಟಿಯಾಗಲು ಯಾರೂ ಒಪ್ಪುತ್ತಿರಲಿಲ್ಲ. ನವರಾತ್ರಿಯ ಹುಲಿವೇಷ ನೋಡಿದ ಹುಡುಗರಿಗೆಲ್ಲ ಹಾಡಿನ ಹುಲಿ ಅರ್ಬುತನೇ ಬೇಕು. ಒಬ್ಬನಂತೂ ಪ್ರಾಣ ಬಿಡುವ ಸರದಿ ಬಂದರೂ ಬಿಡದೆ ತಾಸೆ ವಾದ್ಯದ ಪೆಟ್ಟಿಗೆ ಕುಣಿಯುತ್ತಲೇ ಇದ್ದ, ಪರದೆ ಎಳೆಯಬೇಕಾಯಿತು. ಆ ಸಾವಿನಲ್ಲಿ ನನಗೆ ಈಗಲೂ ಪೂರ್ತಿ ನಂಬಿಕೆಯಿಲ್ಲ. ಪಶ್ಚಾತ್ತಾಪಪಟ್ಟ ಹುಲಿ ಸುಮ್ಮನೆ ಕಾಡಿಗೆ ಮರಳಿದ್ದರೂ ಹಾಡಿಗೆ ಕುಂದಾಗುತ್ತಿರಲಿಲ್ಲ.

ನನ್ನ ಮಾತು ಮುಗಿಯಿತು. ಈ ಹಾಡು ಮನೆಯಿಂದ ಮನೆಗೆ ಒಂದಿಷ್ಟು ಬೇರೆಯಾಗುತ್ತದೆ. ಮುಂದಿನ ಸಾಲಿನಲ್ಲಿ ಕುಳಿತ ಅಮ್ಮಂದಿರು ಆಗಿನಿಂದ ತುಟಿ ಅಲ್ಲಾಡಿಸುತ್ತಿದ್ದಾರೆ. ಅವರ ಪಾಠವನ್ನು ಕೇಳೋಣ. ಮೈಕನ್ನು ಆ ಕಡೆ ಕೊಡಿ.